ಅಮೆರಿಕದಲ್ಲಿ ಸರ್ಕಾರ ಮುಚ್ಚಿದರೆ ಮಗನ ಎಚ್-1ಬಿ ಗತಿಯೇನು?

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕ. ಮಗ ವರ್ಜೀನಿಯಾದಲ್ಲಿ ಎಚ್-1ಬಿ ವೀಸಾದ ಮೇಲೆ ಕೆಲಸ ಮಾಡುತ್ತಿದ್ದಾನೆ. ಅವನ ಕಂಪನಿ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಯೊಂದಕ್ಕೆ ಸಾಫ್ಟ್‌ವೇರ್ ಗುತ್ತಿಗೆ ಮಾಡುತ್ತದೆ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಮುಚ್ಚಿದಾಗ ಮೂರು ವಾರ ಮನೆಯಲ್ಲೇ ಕೂತಿದ್ದ, ಆ ತಿಂಗಳು ಅರ್ಧ ಸಂಬಳ ಬಂತಂತೆ. ಈ ಡಿಸೆಂಬರ್‌ಗೆ ಅವನ ಮೊದಲ ಮೂರು ವರ್ಷ ಮುಗಿಯುತ್ತದೆ. ವಿಸ್ತರಣೆಗೆ ಅಕ್ಟೋಬರ್‌ನಲ್ಲಿ ಅರ್ಜಿ ಹಾಕೋಣ ಎಂದು ಕಂಪನಿಯವರು ಹೇಳಿದ್ದಾರೆ. ಅದೇ ತಿಂಗಳು ನಾವಿಬ್ಬರೂ ಅಲ್ಲಿಗೆ ಹೋಗುವ ಯೋಚನೆಯಿದೆ, ನಮ್ಮ ವೀಸಾ ಆಗಿದೆ. ಇತ್ತ ವಾಟ್ಸ್‌ಆ್ಯಪ್‌ನಲ್ಲಿ ಅಮೆರಿಕದ ಬೊಕ್ಕಸ ಖಾಲಿ, ದಿವಾಳಿ ಎಂದೆಲ್ಲ ಬರುತ್ತಿದೆ. ಎಲ್ಲಕ್ಕೂ ಡೆಮಾಕ್ರಟರೇ ಕಾರಣ ಎಂದು ನನ್ನ ಭಾವಮೈದ, ರಿಪಬ್ಲಿಕನ್ನರೇ ಕಾರಣ ಎಂದು ಮಗ. ಇದರಲ್ಲಿ ನಿಜ ಯಾವುದು? ಮತ್ತೆ ಮುಚ್ಚಿದರೆ ಮಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಮೆರಿಕ ದಿವಾಳಿಯಾಗುತ್ತದೆಯೇ ಎನ್ನುವುದಕ್ಕೆ ನೀವು ನಿದ್ದೆಗೆಡಬೇಕಿಲ್ಲ. ತಪ್ಪು ಯಾರದು ಎನ್ನುವುದಕ್ಕೆ ಒಂದೇ ಪಕ್ಷದ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಮಗನ ವೀಸಾ ವಿಷಯ ಮಾತ್ರ ನಿಜಕ್ಕೂ ಅವಸರದ್ದು, ಏಕೆಂದರೆ ಕಂಪನಿಯವರು ಆರಿಸಿಕೊಂಡಿರುವ ಅಕ್ಟೋಬರ್ ಇಡೀ ವರ್ಷದಲ್ಲೇ ಕೆಟ್ಟ ತಿಂಗಳು.

ಮೊದಲು ಬೊಕ್ಕಸದ ಮಾತು. ಶಟ್‌ಡೌನ್ ಆದಾಗ, ಅಂದರೆ ಸರ್ಕಾರಿ ಕಚೇರಿಗಳು ಮುಚ್ಚಿದಾಗ, ಅಮೆರಿಕದ ಖಜಾನೆಯಲ್ಲಿ ಹಣ ಇದ್ದೇ ಇರುತ್ತದೆ. ತೆರಿಗೆ ಬರುತ್ತಿರುತ್ತದೆ, ಸಾಲಪತ್ರಗಳು ಮಾರಾಟವಾಗುತ್ತಿರುತ್ತವೆ, ಹಳೆಯ ಸಾಲದ ಬಡ್ಡಿ ದಿನ ತಪ್ಪದೆ ಸಂದಾಯವಾಗುತ್ತಿರುತ್ತದೆ. ಇಲ್ಲದಿರುವುದು ಖರ್ಚು ಮಾಡುವ ಅಪ್ಪಣೆ. ಕಾನೂನಿನ ಮೂಲಕ ಮಂಜೂರಾಗದ ಹಣವನ್ನು ಖಜಾನೆಯಿಂದ ತೆಗೆಯಕೂಡದು ಎಂದು ಅಲ್ಲಿನ ಸಂವಿಧಾನದ ಒಂದನೇ ವಿಧಿ ಹೇಳುತ್ತದೆ. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ 12 ಅನುದಾನ ಮಸೂದೆಗಳು ಎರಡೂ ಸದನ ದಾಟಿ ಅಧ್ಯಕ್ಷರ ಸಹಿ ಪಡೆಯಬೇಕು, ಇಲ್ಲವೇ ಹಳೆಯ ದರದಲ್ಲೇ ಕೆಲವು ವಾರ ನಡೆಸಲು ‘ಕಂಟಿನ್ಯೂಯಿಂಗ್ ರೆಸಲ್ಯೂಷನ್’ ಎಂಬ ತಾತ್ಕಾಲಿಕ ಮಸೂದೆ ಪಾಸಾಗಬೇಕು. ಎರಡೂ ಆಗದಿದ್ದರೆ, ಮಂಜೂರಾತಿ ಸಿಗದ ಇಲಾಖೆಗಳು ಕದ ಹಾಕುತ್ತವೆ.

ದಿವಾಳಿಯ ಭಯಕ್ಕೆ ಆಧಾರ ಇರುವುದು ಸಾಲದ ಮಿತಿಯ ಜಗಳದಲ್ಲಿ, ಅದು ಬೇರೆಯೇ ವಿಷಯ. ಸರ್ಕಾರ ಒಟ್ಟು ಇಷ್ಟೇ ಸಾಲ ಎತ್ತಬಹುದು ಎಂಬ ಮಿತಿಯನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಏರಿಸದೆ ಹೋದರೆ ಬಡ್ಡಿ ಕಟ್ಟುವುದಕ್ಕೂ ತೊಡಕಾಗುತ್ತದೆ. 2011ರಲ್ಲಿ, 2023ರಲ್ಲಿ ಆ ಅಂಚಿನವರೆಗೂ ಹೋಗಿ ವಾಪಸಾದರು. 2025ರ ಜುಲೈನ ಕಾನೂನಿನಲ್ಲಿ ಆ ಮಿತಿಯನ್ನು 5 ಲಕ್ಷ ಕೋಟಿ ಡಾಲರ್‌ನಷ್ಟು ಏರಿಸಿದ್ದಾರೆ. ನಿಮಗೆ ಬರುವ ಸಂದೇಶಗಳು ಈ ಎರಡನ್ನೂ ಒಂದೇ ಎಂದುಕೊಂಡು ಬರೆದಂಥವು.

ನಮ್ಮಲ್ಲಿ ಹೀಗೇಕೆ ಆಗುವುದಿಲ್ಲ ಎಂದು ಕೇಳುವವರಿದ್ದಾರೆ. ಬಜೆಟ್ ಪೂರ್ತಿ ಅಂಗೀಕಾರ ಆಗದಿದ್ದರೆ ಸಂವಿಧಾನದ 116ನೇ ವಿಧಿಯಡಿ ಲೋಕಸಭೆ, 206ನೇ ವಿಧಿಯಡಿ ವಿಧಾನಸಭೆ ಲೇಖಾನುದಾನ ಕೊಟ್ಟು ಕೆಲವು ತಿಂಗಳ ಖರ್ಚಿಗೆ ದಾರಿ ಮಾಡುತ್ತವೆ. ಧನ ಮಸೂದೆಯನ್ನು ರಾಜ್ಯಸಭೆ 14 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ. ಅನುದಾನದ ಮತದಲ್ಲಿ ಸೋತ ಸರ್ಕಾರವೇ ಉಳಿಯುವುದಿಲ್ಲ. ಅಮೆರಿಕದಲ್ಲಿ ಅನುದಾನದ ಮತದಲ್ಲಿ ಸೋತರೂ ಅಧ್ಯಕ್ಷರ ನಾಲ್ಕು ವರ್ಷಕ್ಕೆ ಧಕ್ಕೆಯಿಲ್ಲ, ಎರಡೂ ಸದನಗಳಿಗೆ ಸಮಾನ ಅಧಿಕಾರ. ಬಿಕ್ಕಟ್ಟು ಬಂದರೆ ಬಿಡಿಸುವ ಚುನಾವಣೆಯೂ ಇಲ್ಲ, ಕೊನೆಯ ಮಾತು ಹೇಳುವ ಸದನವೂ ಇಲ್ಲ. ಸಾಲದೆಂಬಂತೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು 100ರಲ್ಲಿ 60 ಜನರ ಒಪ್ಪಿಗೆ ಬೇಕು. ಬಹುಮತವಿದ್ದ ಪಕ್ಷಕ್ಕೂ ಎದುರಾಳಿಗಳ ಕೆಲವು ಮತ ಬೇಕೇ ಬೇಕು.

ಆದರೂ 1980ರವರೆಗೆ ಕಚೇರಿಗಳು ಮುಚ್ಚುತ್ತಿರಲಿಲ್ಲ. ಮಂಜೂರಾತಿ ತಡವಾದರೆ ಅಧಿಕಾರಿಗಳು ಪ್ರವಾಸ, ಖರೀದಿ ನಿಲ್ಲಿಸಿ ಹೇಗೋ ಕೆಲಸ ನಡೆಸುತ್ತಿದ್ದರು. ಆ ವರ್ಷ ಕಾರ್ಟರ್ ಸರ್ಕಾರದ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟಿ ಒಂದು ಅಭಿಪ್ರಾಯ ಕೊಟ್ಟರು: ಅನುದಾನವಿಲ್ಲದೆ ಖರ್ಚು ಮಾಡಬಾರದೆಂಬ 19ನೇ ಶತಮಾನದ ಕಾನೂನನ್ನು ಅಕ್ಷರಶಃ ಪಾಲಿಸಬೇಕು, ಅಂದರೆ ಕಚೇರಿ ಮುಚ್ಚಬೇಕು. 1980ರ ಮೇ 1ರಂದು ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ದಿನ ಮುಚ್ಚಿತು. ಮರುವರ್ಷ ಅವರೇ ಜೀವ ಮತ್ತು ಆಸ್ತಿಯ ರಕ್ಷಣೆಗೆ ಬೇಕಾದ ಕೆಲಸ ಮುಂದುವರಿಯಬಹುದು ಎಂದು ವಿವರಿಸಿದರು. ವಿಮಾನ ನಿಯಂತ್ರಕರು, ಗಡಿ ಕಾವಲಿನವರು ಇವತ್ತಿಗೂ ಸಂಬಳವಿಲ್ಲದೆ ಕೆಲಸಕ್ಕೆ ಬರುವುದು, ಉಳಿದವರನ್ನು ಮನೆಗೆ ಕಳಿಸುವುದು ಈ ವಿಂಗಡಣೆಯ ಪ್ರಕಾರವೇ.

ಇನ್ನು ನಿಮ್ಮ ಭಾವಮೈದ ಮತ್ತು ಮಗನ ವಾದ. ಇಬ್ಬರಿಗೂ ತಮ್ಮ ಪರ ತೋರಿಸಲು ದಾಖಲೆ ಸಿಗುತ್ತದೆ. 1995–96ರಲ್ಲಿ ಖರ್ಚು ಕಡಿತಕ್ಕೆ ಪಟ್ಟು ಹಿಡಿದವರು ನ್ಯೂಟ್ ಗಿಂಗ್ರಿಚ್ ನಾಯಕತ್ವದ ರಿಪಬ್ಲಿಕನ್ನರು, ಎದುರಿಗೆ ಅಧ್ಯಕ್ಷ ಕ್ಲಿಂಟನ್. ಎರಡನೇ ಸುತ್ತು 21 ದಿನ ಎಳೆಯಿತು. 2013ರಲ್ಲಿ ಒಬಾಮಾ ಅವರ ಆರೋಗ್ಯ ವಿಮೆ ಕಾನೂನಿಗೆ ಹಣ ಕೊಡಬಾರದೆಂದು ರಿಪಬ್ಲಿಕನ್ನರು 16 ದಿನ ತಡೆದರು. 2018ರ ಜನವರಿಯಲ್ಲಿ, ಚಿಕ್ಕಂದಿನಲ್ಲಿ ದಾಖಲೆಯಿಲ್ಲದೆ ಬಂದ ವಲಸಿಗರ ರಕ್ಷಣೆಗಾಗಿ ಡೆಮಾಕ್ರಟರು ತಡೆದದ್ದು ಮೂರು ದಿನ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಗಡಿಗೋಡೆಗೆ 570 ಕೋಟಿ ಡಾಲರ್ ಬೇಕೆಂದು ಅಧ್ಯಕ್ಷ ಟ್ರಂಪ್ ಹಿಡಿದ ಹಟದಿಂದ ಐದು ವಾರ ಮುಚ್ಚಿತು.

2025ರದ್ದು 43 ದಿನ, ಅದುವರೆಗಿನ ಅತಿ ದೀರ್ಘ ಶಟ್‌ಡೌನ್. ಸೆನೆಟ್‌ನಲ್ಲಿ ರಿಪಬ್ಲಿಕನ್ನರು 53. ನವೆಂಬರ್ 21ರವರೆಗೆ ಹಳೆಯ ದರದಲ್ಲೇ ಸರ್ಕಾರ ನಡೆಯಲಿ, ಬೇರೆ ಮಾತು ಆಮೇಲೆ ಎಂಬುದು ಅವರ ನಿಲುವು. ಆರೋಗ್ಯ ವಿಮೆಗೆ 2021ರಲ್ಲಿ ಹೆಚ್ಚಿಸಿದ್ದ ಸಹಾಯಧನ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು, ಅದನ್ನು ಮುಂದುವರಿಸದಿದ್ದರೆ ಜನರ ಪ್ರೀಮಿಯಂ ವಿಪರೀತ ಏರುತ್ತದೆ, ಆದ್ದರಿಂದ ಈಗಲೇ ತೀರ್ಮಾನವಾಗಲಿ ಎಂಬುದು ಡೆಮಾಕ್ರಟರ ನಿಲುವು. ಅದು ಕೋವಿಡ್ ಕಾಲದ ತಾತ್ಕಾಲಿಕ ಸಹಾಯ, ಕಾಯಂ ಮಾಡಿದರೆ ಹತ್ತು ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಹೊರೆ ಎಂದು ರಿಪಬ್ಲಿಕನ್ನರು ಲೆಕ್ಕ ತೋರಿಸಿದರು. ಆ ಲೆಕ್ಕ ಕಾಂಗ್ರೆಸ್‌ನ ಸ್ವತಂತ್ರ ಬಜೆಟ್ ಕಚೇರಿಯದ್ದೇ. ಎರಡೂ ವಾದದಲ್ಲಿ ಹುರುಳಿತ್ತು.

ಸುದ್ದಿಯಲ್ಲಿ ಕಡಿಮೆ ಕಂಡ ಒಂದು ಕಾರಣ ಇದಕ್ಕಿಂತ ಆಳದ್ದು. ಅನುದಾನದ ಒಪ್ಪಂದಕ್ಕೆ 60 ಮತ ಬೇಕು. ಆದರೆ ಮಂಜೂರಾದ ಹಣವನ್ನು ಅಧ್ಯಕ್ಷರ ಕೋರಿಕೆಯ ಮೇಲೆ ವಾಪಸ್ ಪಡೆಯಲು 1974ರ ಬಜೆಟ್ ಕಾನೂನಿನ ಪ್ರಕಾರ ಸರಳ ಬಹುಮತ ಸಾಕು. 2025ರ ಜುಲೈನಲ್ಲಿ ವಿದೇಶಿ ನೆರವು ಮತ್ತು ಸಾರ್ವಜನಿಕ ಪ್ರಸಾರದ ಸುಮಾರು 900 ಕೋಟಿ ಡಾಲರನ್ನು ಹಾಗೆಯೇ ಹಿಂಪಡೆದರು. ಆಗಸ್ಟ್ ಕೊನೆಯಲ್ಲಿ, ಕಾಂಗ್ರೆಸ್ ಮತ ಹಾಕುವಷ್ಟೂ ಕಾಲ ಉಳಿಯದಂತೆ, ಇನ್ನೂ 490 ಕೋಟಿಯನ್ನು ಶ್ವೇತಭವನ ತಡೆಹಿಡಿಯಿತು. ಇಂದು ಕೈಕುಲುಕಿ ಮಾಡಿದ ಒಪ್ಪಂದ ನಾಳೆ ಒಂದೇ ಪಕ್ಷದ ಮತದಿಂದ ಮುರಿಯುವಂತಿದ್ದರೆ ಎದುರಿನವರು ಏನನ್ನು ನಂಬಿ ಮತ ಕೊಡಬೇಕು? ನನ್ನ ಅಭಿಪ್ರಾಯದಲ್ಲಿ ಶಟ್‌ಡೌನ್ ಮತ್ತೆ ಮತ್ತೆ ಬರಲು ಈ ಅಪನಂಬಿಕೆಯೇ ದೊಡ್ಡ ಕಾರಣ. ಅಧಿಕಾರ ಕೈಬದಲಾದರೆ ಇದೇ ದಾರಿ ಡೆಮಾಕ್ರಟರಿಗೂ ತೆರೆದಿರುತ್ತದೆ.

ಹಟ ಹಿಡಿದವರಿಗೆ ಸಿಕ್ಕಿದ್ದೇನು? 2013ರ ನಂತರವೂ ವಿಮೆ ಕಾನೂನು ಉಳಿಯಿತು. 2019ರಲ್ಲಿ ಗಡಿಯ ತಡೆಬೇಲಿಗೆ ಕಾಂಗ್ರೆಸ್ ಕೊಟ್ಟದ್ದು 137.5 ಕೋಟಿ. 2025ರಲ್ಲಿ ಸೆನೆಟ್ 14 ಬಾರಿ ವಿಫಲವಾದ ಮೇಲೆ 60–40ರಲ್ಲಿ ಮಸೂದೆ ಪಾಸಾಯಿತು, ಡೆಮಾಕ್ರಟರಿಗೆ ದಕ್ಕಿದ್ದು ಸಹಾಯಧನದ ಬಗ್ಗೆ ಮತ ಹಾಕಿಸುತ್ತೇವೆಂಬ ಭರವಸೆ. ಡಿಸೆಂಬರ್‌ನಲ್ಲಿ ಆ ಮತ ನಡೆದಾಗ 60 ಬರಲಿಲ್ಲ.

ಮುಚ್ಚಿದರೆ ಖರ್ಚಾದರೂ ಉಳಿಯುತ್ತದಲ್ಲ ಎಂಬ ನಂಬಿಕೆಯೂ ಸರಿಯಲ್ಲ. 2024ರ ಹಣಕಾಸು ವರ್ಷದಲ್ಲಿ ಕೇಂದ್ರದ ಒಟ್ಟು ಖರ್ಚು ಸುಮಾರು 6.75 ಲಕ್ಷ ಕೋಟಿ ಡಾಲರ್. ಅದರಲ್ಲಿ ಪಿಂಚಣಿ, ವೃದ್ಧರ ವೈದ್ಯಕೀಯ ವಿಮೆ ಮುಂತಾದ, ಕಾನೂನೇ ತಾನಾಗಿ ಖರ್ಚು ಮಾಡಿಸುವ ಬಾಬ್ತು 4.1 ಲಕ್ಷ ಕೋಟಿ, ಬಡ್ಡಿ 0.88 ಲಕ್ಷ ಕೋಟಿ. ವರ್ಷ ವರ್ಷ ಮಂಜೂರಾತಿ ಬೇಕಾದದ್ದು 1.8 ಲಕ್ಷ ಕೋಟಿ ಮಾತ್ರ, ಅದರಲ್ಲೂ ಅರ್ಧದ ಹತ್ತಿರ ಸೇನೆಗೆ. ಆ ವರ್ಷದ ಕೊರತೆಯೇ 1.83 ಲಕ್ಷ ಕೋಟಿ. ಅಂದರೆ ಜಗಳವಾಡುವ ಪಾಲನ್ನು ಪೂರ್ತಿ ಅಳಿಸಿದರೂ ಕೊರತೆ ತುಂಬುವುದಿಲ್ಲ. ಇತ್ತ, ಮನೆಗೆ ಕಳಿಸಿದ ನೌಕರರಿಗೂ ಹಿಂಬಾಕಿ ಸಂಬಳ ಕೊಡಲೇಬೇಕೆಂದು 2019ರಿಂದ ಕಾನೂನಿದೆ. ಕೆಲಸವಾಗದಿದ್ದರೂ ಸಂಬಳ ಹೋಗುತ್ತದೆ. 2018–19ರ ಐದು ವಾರದಲ್ಲಿ ಅರ್ಥವ್ಯವಸ್ಥೆಗೆ 1,100 ಕೋಟಿ ಡಾಲರ್ ಹೊಡೆತ ಬಿತ್ತು, ಅದರಲ್ಲಿ 300 ಕೋಟಿ ಮತ್ತೆ ಬರಲೇ ಇಲ್ಲ ಎಂಬುದು ಅದೇ ಬಜೆಟ್ ಕಚೇರಿಯ ಅಂದಾಜು. 2025ರ ನವೆಂಬರ್ 1ರಿಂದ ಸುಮಾರು 4.2 ಕೋಟಿ ಬಡವರು ಪಡೆಯುವ ಆಹಾರ ಸಹಾಯಕ್ಕೆ ತಡೆ ಬಿತ್ತು. ವಾರಗಟ್ಟಲೆ ಕೋರ್ಟು ಕಚೇರಿ ನಡೆಯುತ್ತಿದ್ದಾಗ ಆ ಮನೆಗಳು ಉಣ್ಣಲು ಏನು ಮಾಡಿದವು ಎನ್ನುವುದು ಯಾವ ಲೆಕ್ಕಪತ್ರದಲ್ಲೂ ಬರುವುದಿಲ್ಲ.

ಹಿಂಬಾಕಿಯ ಆ ಕಾನೂನು ಸರ್ಕಾರಿ ನೌಕರರಿಗೆ ಮಾತ್ರ, ಗುತ್ತಿಗೆ ಕಂಪನಿಗಳವರಿಗೆ ಅನ್ವಯಿಸುವುದಿಲ್ಲ. ನಿಮ್ಮ ಮಗನ ಕಥೆ ಶುರುವಾಗುವುದು ಇಲ್ಲಿಂದ.

ಆದರೆ ಎಚ್-1ಬಿಯವರಿಗೆ ಬೇರೊಂದು ರಕ್ಷಣೆ ಇದೆ. ಕಂಪನಿ ತನಗೆ ಕೆಲಸ ಸಿಗಲಿಲ್ಲವೆಂದು ಎಚ್-1ಬಿ ನೌಕರನನ್ನು ಸುಮ್ಮನೆ ಕೂರಿಸಿದರೂ ಅರ್ಜಿಯಲ್ಲಿ ಒಪ್ಪಿಕೊಂಡ ಸಂಬಳ ಪೂರ್ತಿ ಕೊಡಬೇಕು. ಇಲಾಖೆ ಕೆಲಸ ನಿಲ್ಲಿಸುವ ಆದೇಶ ಕೊಟ್ಟಿದೆ ಎನ್ನುವುದು ನೆಪವಾಗುವುದಿಲ್ಲ. ಮಗ ತನ್ನ ಸ್ವಂತ ಕಾರಣಕ್ಕೆ ತಾನೇ ಬರೆದು ಕೇಳಿಕೊಂಡ ರಜೆಯಾದರೆ ಮಾತ್ರ ಸಂಬಳ ಹಿಡಿಯಬಹುದು. ಆದ್ದರಿಂದ ಆ ತಿಂಗಳು ಅರ್ಧ ಸಂಬಳ ಬಂದದ್ದು ಏಕೆ ಎಂದು ಅವನು ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್‌ನಲ್ಲಿ ಕೇಳಲಿ, ಫೋನಿನಲ್ಲಲ್ಲ. ರಜೆ ಅರ್ಜಿ ಎಂದು ಆಗ ಏನಾದರೂ ಸಹಿ ಹಾಕಿಸಿಕೊಂಡಿದ್ದರೆ ಅದರ ಪ್ರತಿ ಹುಡುಕಲಿ. ಬಾಕಿ ಕೊಟ್ಟರೆ ಸರಿ. ಕೊಡದಿದ್ದರೆ ತಪ್ಪು ನಡೆದ 12 ತಿಂಗಳೊಳಗೆ ಕಾರ್ಮಿಕ ಇಲಾಖೆಯ ವೇತನ ವಿಭಾಗಕ್ಕೆ ಡಬ್ಲ್ಯುಎಚ್-4 ಎಂಬ ನಮೂನೆಯಲ್ಲಿ ದೂರು ಕೊಡಬಹುದು. ದೂರು ಕೊಟ್ಟವನನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ. ಆದರೂ ಕಂಪನಿಯೊಂದಿಗಿನ ಸಂಬಂಧ ಕೆಡಬಹುದು, ಅದೂ ವಿಸ್ತರಣೆ ಹತ್ತಿರವಿರುವಾಗ. ಮೊದಲು ಇಮೇಲ್, ಆಮೇಲೆ ತನ್ನದೇ ವಕೀಲರ ಸಲಹೆ, ದೂರು ಕೊನೆಗೆ. ಸುಮ್ಮನಿದ್ದರೂ ಅಪಾಯ ತಪ್ಪಿದ್ದಲ್ಲ: ವಿಸ್ತರಣೆ ಅರ್ಜಿ ನೋಡುವ ಅಧಿಕಾರಿ ಪೇಸ್ಲಿಪ್ ಕೇಳಿದಾಗ ಒಪ್ಪಿದ ಸಂಬಳಕ್ಕಿಂತ ಕಡಿಮೆ ಕಂಡರೆ ಅವನು ವೀಸಾ ನಿಯಮ ಪಾಲಿಸಿದ್ದನೇ ಎಂಬ ಪ್ರಶ್ನೆ ಅವನ ಮೇಲೇ ಬರುತ್ತದೆ.

ಈಗ ಅಕ್ಟೋಬರ್ ಏಕೆ ಬೇಡ ಎಂಬುದು. ವಿಸ್ತರಣೆಗೆ ಎರಡು ಕಚೇರಿ ದಾಟಬೇಕು. ಮೊದಲನೆಯದು ಕಾರ್ಮಿಕ ಇಲಾಖೆ: ಅಲ್ಲಿ ಕಂಪನಿ ‘ಫ್ಲ್ಯಾಗ್’ ಎಂಬ ಜಾಲತಾಣದಲ್ಲಿ ಎಲ್‌ಸಿಎ ಎಂಬ ವೇತನ ಘೋಷಣೆ ಸಲ್ಲಿಸಿ ದೃಢೀಕರಣ ಪಡೆಯುತ್ತದೆ. ಇದಕ್ಕೆ ಏಳು ಕೆಲಸದ ದಿನ ಹಿಡಿಯುತ್ತದೆ. ಎರಡನೆಯದು ವಲಸೆ ಇಲಾಖೆ ಯುಎಸ್‌ಸಿಐಎಸ್: ದೃಢೀಕೃತ ಎಲ್‌ಸಿಎ ಜೊತೆಗೆ ಐ-129 ಅರ್ಜಿ ಅಲ್ಲಿಗೆ ಹೋಗುತ್ತದೆ. ಯುಎಸ್‌ಸಿಐಎಸ್ ಬಹುತೇಕ ಅರ್ಜಿದಾರರ ಶುಲ್ಕದಿಂದಲೇ ನಡೆಯುವುದರಿಂದ ಶಟ್‌ಡೌನ್‌ನಲ್ಲೂ ತೆರೆದಿರುತ್ತದೆ. ಕಾರ್ಮಿಕ ಇಲಾಖೆಯ ಈ ವಿಭಾಗ ನಡೆಯುವುದು ವಾರ್ಷಿಕ ಅನುದಾನದಿಂದ. 2025ರ ಅಕ್ಟೋಬರ್ 1ರಂದು ‘ಫ್ಲ್ಯಾಗ್’ ತಾಣವೇ ಬಂದ್ ಆಯಿತು, ಮತ್ತೆ ತೆರೆದದ್ದು ತಿಂಗಳ ಕೊನೆಗೆ. ಎರಡನೇ ಕಚೇರಿಯ ಬಾಗಿಲು ತೆರೆದಿದ್ದರೂ ಮೊದಲನೆಯದರ ಕಾಗದವಿಲ್ಲದೆ ಒಳಗೆ ಹೋಗುವಂತಿರಲಿಲ್ಲ.

ಎಲ್ಲ ಶಟ್‌ಡೌನ್‌ನಲ್ಲೂ ಹೀಗಾಗುವುದಿಲ್ಲ. 2018–19ರಲ್ಲಿ ಕಾರ್ಮಿಕ ಇಲಾಖೆಯ ಅನುದಾನ ಮಸೂದೆ ಮೊದಲೇ ಪಾಸಾಗಿದ್ದರಿಂದ ಐದು ವಾರವೂ ಎಲ್‌ಸಿಎ ಕೆಲಸ ನಿಲ್ಲಲಿಲ್ಲ. ಆದ್ದರಿಂದ ‘ಸರ್ಕಾರ ಮುಚ್ಚಿತು’ ಎಂಬ ಸುದ್ದಿ ಬಂದಾಗ ಮಗ ನೋಡಬೇಕಾದ್ದು ಒಂದೇ: ಕಾರ್ಮಿಕ, ಆರೋಗ್ಯ, ಶಿಕ್ಷಣ ಇಲಾಖೆಗಳ ಜಂಟಿ ಅನುದಾನ ಮಸೂದೆಗೆ ಆ ವರ್ಷ ಸಹಿ ಬಿದ್ದಿದೆಯೇ ಇಲ್ಲವೇ.

ಎಲ್‌ಸಿಎ ಮತ್ತು ಐ-129 ಎರಡನ್ನೂ ಹೊಸ ಅವಧಿ ಶುರುವಾಗುವ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ನಿಮ್ಮ ಮಗನಿಗೆ ಅದು ಜೂನ್. ಜುಲೈನಲ್ಲಿ ಎಲ್‌ಸಿಎ ಕೈಗೆ ಬಂದು, ಆಗಸ್ಟ್ ಮಧ್ಯದೊಳಗೆ ಐ-129 ಸಲ್ಲಿಕೆಯಾಗಿ ರಸೀದಿ ಬಂದರೆ, ಸೆಪ್ಟೆಂಬರ್ 30ಕ್ಕೆ ವಾಷಿಂಗ್ಟನ್‌ನಲ್ಲಿ ಏನೇ ಆದರೂ ಅವನ ಅರ್ಜಿಗೆ ತಟ್ಟುವುದಿಲ್ಲ. ಡಿಸೆಂಬರ್‌ನಲ್ಲಿ ಹಳೆಯ ಅವಧಿ ಮುಗಿಯುವಾಗ ಉತ್ತರ ಬಂದಿರದಿದ್ದರೂ, ಅರ್ಜಿ ಸಕಾಲದಲ್ಲಿ ಹೋಗಿದ್ದರೆ ಅದೇ ಕಂಪನಿಯಲ್ಲಿ 240 ದಿನದವರೆಗೆ ಕೆಲಸ ಮುಂದುವರಿಸಬಹುದು. ಬೇಗ ತೀರ್ಮಾನವಾಗಲೆಂದು ಹೆಚ್ಚುವರಿ ‘ಪ್ರೀಮಿಯಂ’ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ, ಆದರೆ ಎಲ್‌ಸಿಎ ಸಿಗದಿರುವ ತೊಂದರೆಗೆ ಪ್ರೀಮಿಯಂ ಮದ್ದಲ್ಲ. ಶಟ್‌ಡೌನ್‌ನಿಂದ ತಡವಾದವರ ಅರ್ಜಿಯನ್ನು ಅಸಾಧಾರಣ ಸಂದರ್ಭವೆಂದು ಪರಿಗಣಿಸುವುದಾಗಿ 2025ರಲ್ಲಿ ಯುಎಸ್‌ಸಿಐಎಸ್ ಹೇಳಿತ್ತು. ಅದು ಅಧಿಕಾರಿಯ ವಿವೇಚನೆಗೆ ಬಿಟ್ಟ ರಿಯಾಯಿತಿ, ಹಕ್ಕಲ್ಲ. ಅದನ್ನು ನಂಬಿ ದಿನಾಂಕ ಇಟ್ಟುಕೊಳ್ಳಬಾರದು.

ಗುತ್ತಿಗೆ ಮತ್ತೆ ನಿಂತರೆ ಕಂಪನಿಯವರು ಬೇರೆ ಊರಿನ ಪ್ರಾಜೆಕ್ಟ್‌ಗೆ ಕಳಿಸುತ್ತೇವೆ ಎನ್ನಬಹುದು. ಅಲ್ಲಿ ಹಲವರು ಎಡವುತ್ತಾರೆ. ಈಗಿರುವ ಮಹಾನಗರ ವಲಯದೊಳಗೇ, ಅಂದರೆ ವಾಷಿಂಗ್ಟನ್ ಸುತ್ತಮುತ್ತಲೇ ಜಾಗ ಬದಲಾದರೆ ಹೊಸ ಜಾಗದಲ್ಲಿ ಎಲ್‌ಸಿಎ ಪ್ರತಿ ಅಂಟಿಸಿದರೆ ಸಾಕು. ಮನೆಯಿಂದ ಕೆಲಸವೂ ಅದೇ ವಲಯದಲ್ಲಾದರೆ ತೊಂದರೆಯಿಲ್ಲ. ವಲಯ ದಾಟಿ ಟೆಕ್ಸಾಸ್‌ಗೋ ನಾರ್ತ್ ಕ್ಯಾರೊಲಿನಾಗೋ ಹೋಗಬೇಕಾದರೆ, ಕೆಲವೇ ವಾರಗಳ ತಾತ್ಕಾಲಿಕ ನಿಯೋಜನೆಗೆ ಇರುವ ವಿನಾಯಿತಿ ಬಿಟ್ಟರೆ, ಹೋಗುವ ಮೊದಲೇ ತಿದ್ದುಪಡಿ ಅರ್ಜಿ ಹಾಕಬೇಕು. ಅದಕ್ಕೆ ಹೊಸ ಎಲ್‌ಸಿಎ ಬೇಕು. ಶಟ್‌ಡೌನ್ ನಡೆಯುವಾಗ ಅದೇ ಸಿಗುವುದಿಲ್ಲ. ‘ಸದ್ಯ ಹೋಗು, ಕಾಗದ ಆಮೇಲೆ ಮಾಡೋಣ’ ಎಂದರೆ ಅವನು ಒಪ್ಪಬಾರದು.

ಕೆಲಸವೇ ಹೋದರೆ 60 ದಿನದವರೆಗೆ ಉಳಿಯಲು ಅವಕಾಶವಿದೆ, ಇರುವ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಹೊಸ ಕಂಪನಿಗೆ ಸೇರಲೂ ಹೊಸ ಎಲ್‌ಸಿಎ ಬೇಕು. ಕಾರ್ಮಿಕ ಇಲಾಖೆ ಮುಚ್ಚಿದೆಯೆಂದು ಆ 60 ದಿನದ ಎಣಿಕೆ ನಿಲ್ಲುವುದಿಲ್ಲ. ಅಂಥ ಸ್ಥಿತಿ ಬಂದರೆ ದಿನ ಮುಗಿಯುವ ಮೊದಲೇ ಪ್ರವಾಸಿ ಸ್ಥಾನಮಾನಕ್ಕೆ, ಇಲ್ಲವೇ ಹೆಂಡತಿ ಎಚ್-1ಬಿಯಲ್ಲಿದ್ದರೆ ಅವಲಂಬಿತರ ಎಚ್-4ಕ್ಕೆ ಬದಲಾವಣೆ ಕೋರಬಹುದು. ಎರಡರಲ್ಲೂ ತಕ್ಷಣಕ್ಕೆ ಕೆಲಸ ಮಾಡುವಂತಿಲ್ಲ, ಆದರೆ ದೇಶದಲ್ಲಿ ಉಳಿದು ಕಾಯಬಹುದು.

ಗ್ರೀನ್ ಕಾರ್ಡ್ ಬಗ್ಗೆ ನೀವು ಕೇಳಿಲ್ಲ. ಆದರೆ ಮೂರು ವರ್ಷ ಮುಗಿಯುತ್ತಿರುವಾಗ ಅದನ್ನೂ ಯೋಚಿಸಬೇಕು. ಎಚ್-1ಬಿ ಸಾಮಾನ್ಯವಾಗಿ ಆರು ವರ್ಷ. ಏಳನೇ ವರ್ಷ ಬೇಕಾದರೆ ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಪರ್ಮ್ ಎಂಬ ಕಾರ್ಮಿಕ ದೃಢೀಕರಣದ ಅರ್ಜಿ ಸಲ್ಲಿಸಿ 365 ದಿನ ಆಗಿರಬೇಕು, ಇಲ್ಲವೇ ಅದರ ಮುಂದಿನ ಹಂತದ ಐ-140 ಅರ್ಜಿ ಮಂಜೂರಾಗಿರಬೇಕು. ಹಾಗಾಗಿ ಐದನೇ ವರ್ಷ ಮುಗಿಯುವುದರೊಳಗೆ ಪರ್ಮ್ ಹೋಗಲೇಬೇಕು. ಪರ್ಮ್‌ಗೆ ಮೊದಲು ಹುದ್ದೆಯ ಜಾಹೀರಾತು ಕೊಡಬೇಕು, ಕೊಟ್ಟ 180 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ಜಾಹೀರಾತು ಕೊಟ್ಟವರ ಗಡುವು ಸರಿಯಾಗಿ ಅಕ್ಟೋಬರ್‌ಗೆ ಬಂದು ಬೀಳುತ್ತದೆ. ಆಗ ಕಾರ್ಮಿಕ ಇಲಾಖೆಯ ‘ಫ್ಲ್ಯಾಗ್’ ತಾಣ ಮುಚ್ಚಿದ್ದರೆ ಆ ಜಾಹೀರಾತಿನ ಖರ್ಚು, ತಿಂಗಳುಗಳ ಶ್ರಮ ವ್ಯರ್ಥವಾಗಿ ಮೊದಲಿನಿಂದ ಶುರುಮಾಡಬೇಕಾಗಬಹುದು. ಕಂಪನಿಯ ವಕೀಲರ ಹತ್ತಿರ ಈ ದಿನಾಂಕಗಳನ್ನು ಈಗಲೇ ಬರೆಸಿಕೊಳ್ಳಲಿ.

ಹಾಗೆಯೇ ಮ್ಯಾನೇಜರ್‌ಗೆ ಒಂದು ಪ್ರಶ್ನೆ ಕೇಳಲಿ: ನಮ್ಮ ಗುತ್ತಿಗೆಗೆ ಹಣ ಯಾವ ದಿನಾಂಕದವರೆಗೆ ಮಂಜೂರಾಗಿದೆ? ಹಿಂದಿನ ವರ್ಷದ ಅನುದಾನದಲ್ಲೇ ಪೂರ್ತಿ ಹಣ ಸಿಕ್ಕಿರುವ ಗುತ್ತಿಗೆಗಳು ಶಟ್‌ಡೌನ್‌ನಲ್ಲೂ ನಡೆಯುತ್ತವೆ. ಸರ್ಕಾರಿ ಕಟ್ಟಡದೊಳಗೇ ಕೂತು ಮಾಡುವ, ಸರ್ಕಾರಿ ಅಧಿಕಾರಿಯ ಸಹಿ ಪದೇ ಪದೇ ಬೇಕಾಗುವ ಕೆಲಸಗಳು ಮಾತ್ರ ಹಣವಿದ್ದರೂ ನಿಲ್ಲುತ್ತವೆ.

ನಿಮ್ಮ ಪ್ರಯಾಣಕ್ಕೆ ಅಷ್ಟು ಆತಂಕ ಬೇಡ. ವೀಸಾ, ಪಾಸ್‌ಪೋರ್ಟ್ ಕೆಲಸವೂ ಶುಲ್ಕದ ಮೇಲೆ ನಡೆಯುತ್ತದೆ. ವಿಮಾನ ನಿಲ್ದಾಣದ ವಲಸೆ ಅಧಿಕಾರಿಗಳು ಕೆಲಸದಲ್ಲಿರುತ್ತಾರೆ. ತೊಂದರೆಯಾಗುವುದು ಅಲ್ಲಿನ ಒಳನಾಡಿನ ವಿಮಾನಗಳಿಗೆ. 2025ರಲ್ಲಿ ಸಂಬಳವಿಲ್ಲದೆ ದಣಿದ ನಿಯಂತ್ರಕರ ಕೊರತೆಯಿಂದ ನವೆಂಬರ್ 7ರಿಂದ 40 ದೊಡ್ಡ ನಿಲ್ದಾಣಗಳಲ್ಲಿ ವಿಮಾನಗಳ ಸಂಖ್ಯೆಯನ್ನು ಮೊದಲು ಶೇ 4, ಆಮೇಲೆ ಶೇ 6ರಷ್ಟು ಇಳಿಸಿದರು. ಆದ್ದರಿಂದ ಬೆಂಗಳೂರಿನಿಂದ ಯೂರೋಪ್ ಅಥವಾ ಕೊಲ್ಲಿಯ ಒಂದು ಊರಿನಲ್ಲಿ ಬದಲಿಸಿ ನೇರ ವಾಷಿಂಗ್ಟನ್‌ನ ಡಲಸ್ ನಿಲ್ದಾಣದಲ್ಲೇ ಇಳಿಯುವ ಟಿಕೆಟ್ ನೋಡಿ. ನ್ಯೂಯಾರ್ಕಿಗೋ ಷಿಕಾಗೋಗೋ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವ ಟಿಕೆಟ್ ಸ್ವಲ್ಪ ಅಗ್ಗವಾದರೂ ಬೇಡ. ಪೂರ್ತಿ ಪ್ರಯಾಣ ಒಂದೇ ಬುಕಿಂಗ್‌ನಲ್ಲಿರಲಿ, ಆಗ ಮುಂದಿನ ವಿಮಾನ ತಪ್ಪಿದರೆ ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದ್ದಾಗುತ್ತದೆ. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯಗಳನ್ನು ನೋಡುವ ಆಸೆಯಿದ್ದರೆ ಸೆಪ್ಟೆಂಬರ್‌ನಲ್ಲೇ ಹೊರಡಿ. ಶಟ್‌ಡೌನ್ ಕೆಲವು ದಿನ ಮುಂದುವರಿದರೆ ಅವೂ ಬಾಗಿಲು ಹಾಕುತ್ತವೆ.